ಪುಸ್ತಕದಲ್ಲಿ ತೀರಿಕೊಂಡ ಅವ್ವ

ಹೊಳೆದಂಡೆಯ ಆಶ್ರಮದಲ್ಲಿ ಮುಪ್ಪಿನಯ್ಯನವರಿಗೆ ಮರುಳಸಿದ್ಧ ಎಂಬ ಶಿಷ್ಯನಿದ್ದ. ತನ್ನ ಬಾಲ್ಯವನ್ನು ನೆನೆದು ಅವನು ಒಂದು ಕಾದಂಬರಿ ಬರೆದ. ಅದರ ಕೊನೆಯಲ್ಲಿ ಹುಡುಗ ಶಾಲೆಯಿಂದ ಓಡಿಬರುವಷ್ಟರಲ್ಲಿ ಅವ್ವ ಒಲೆಯ ಮುಂದೆಯೇ ಪ್ರಾಣ ಬಿಟ್ಟಿರುತ್ತಾಳೆ.

ಓದಿದವರೆಲ್ಲ ಅತ್ತರು. ಕೆಲವರು ಆಶ್ರಮಕ್ಕೇ ಬಂದು ಅವನ ಕೈ ಹಿಡಿದುಕೊಂಡು ಅತ್ತರು.

“ಅಷ್ಟು ಚಿಕ್ಕ ವಯಸ್ಸಿಗೇ ತಾಯಿಯನ್ನು ಕಳಕೊಂಡಿರಲ್ಲ!”

ಮರುಳಸಿದ್ಧ ತಲೆ ತಗ್ಗಿಸುತ್ತಿದ್ದ. ಇಲ್ಲ ಎನ್ನುತ್ತಿರಲಿಲ್ಲ.

ಅವನ ಅವ್ವ ಹಾಲಮ್ಮ ಊರಲ್ಲಿ ಗಟ್ಟಿಮುಟ್ಟಾಗಿದ್ದಳು.

ಒಂದು ಮಧ್ಯಾಹ್ನ ಓದುಗರು ಅವನ ಸುತ್ತ ಕೂತಿದ್ದಾಗ ಹಾಲಮ್ಮ ಬಾಗಿಲಿಗೆ ಬಂದು ನಿಂತಳು. ಕಂಕುಳಲ್ಲಿ ಬಟ್ಟೆಯ ಗಂಟು.

ಮರುಳಸಿದ್ಧ ಏಳಹೋದವನು ಸುತ್ತ ಕೂತವರನ್ನು ನೋಡಿ ಮತ್ತೆ ಕೂತುಬಿಟ್ಟ.

“ಯಾರಮ್ಮಾ ನೀವು?” ಎಂದು ಓದುಗರಲ್ಲೊಬ್ಬ ಹೆಂಗಸು ಕೇಳಿದಳು.

ಹಾಲಮ್ಮ ಮಗನ ಮುಖ ನೋಡಿದಳು. ಅಲ್ಲಿದ್ದ ಗಾಬರಿ ಅವಳಿಗೆ ಅರ್ಥವಾಯಿತು.

“ಇವರ ಊರೋಳು ಕಣವ್ವ, ನೆರೆಮನೆ. ನಮ್ಮ ಮೇಷ್ಟ್ರು ಪುಸ್ತಕ ಪೂರ್ತಿ ಓದಿ ಹೇಳಿದ್ರು. ಒಂದ್ಸಲ ನೋಡ್ಕೊಂಡು ಹೋಗಾನ ಅಂತ ಬಂದೆ.” ಮಗನ ಕಡೆ ತಿರುಗಿದಳು. “ಚೆನ್ನಾಗಿ ಬರೆದೀರಿ ಸ್ವಾಮಿ.”

ಹೆತ್ತವಳ ಬಾಯಲ್ಲಿ ಬಹುವಚನ! ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ತಾನು ಮಾತ್ರ ಬಾಯಿಬಿಡಲಿಲ್ಲ.

ಒಳಗಿನಿಂದ ಮುಪ್ಪಿನಯ್ಯನವರು ಬಂದರು. ಅವಳನ್ನು ನೋಡಿದರು, ಶಿಷ್ಯನನ್ನು ನೋಡಿದರು. ಅದೇ ಹುಬ್ಬು, ಅದೇ ಗದ್ದ. ತಾವೇ ಚಾಪೆ ಹಾಸಿ ಕೂರಿಸಿದರು. ತಾವೇ ಮಜ್ಜಿಗೆ ತಂದುಕೊಟ್ಟರು.

“ಇವನ ತಾಯಿಯನ್ನ ಬಲ್ಲಿರಾ?”

“ಬಲ್ಲೆ ಸ್ವಾಮಿ. ಪುಸ್ತಕದಾಗೆ ಇರೋವಷ್ಟು ಒಳ್ಳೆಯೋಳಲ್ಲ. ಮುಂಗೋಪಿ. ಒಂದ್ಸಲ ಇವರಿಗೆ ಸೌಟಲ್ಲೇ ಬಾರಿಸಿದ್ಲು. ಅದನ್ನ ಬರೆದಿಲ್ಲ ಇವರು. ದೊಡ್ಡ ಮನಸ್ಸು.”

“ತೀರಿಕೊಂಡದ್ದು ಹೇಗೆ?”

“ಪುಸ್ತಕದಾಗೆ ಬರೆದಂಗೇ ಸ್ವಾಮಿ,” ಎಂದಳು ಹಾಲಮ್ಮ.

ಕೂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಗಂಟು ಬಿಚ್ಚಿ ಕರ್ಜಿಕಾಯಿ ತೆಗೆದಿಟ್ಟಳು. “ದೋಣಿಗೆ ಹೊತ್ತಾತು,” ಎಂದು ಹೊಳೆಯ ಕಡೆ ನಡೆದುಬಿಟ್ಟಳು.

ಓದುಗರು ಕರ್ಜಿಕಾಯಿ ಹಂಚಿಕೊಂಡರು.

“ನಿಮ್ಮ ತಾಯಿಯೂ ಇಂಥದ್ದು ಮಾಡ್ತಿದ್ರಾ?” ಎಂದು ಯಾರೋ ಕೇಳಿದರು.

ಮರುಳಸಿದ್ಧ ಕೈಯಲ್ಲಿದ್ದ ಕರ್ಜಿಕಾಯಿ ಕೆಳಗಿಟ್ಟ. ಎದ್ದು ಹೋಗಿ ಗುರುಗಳ ಕಾಲ ಬಳಿ ಕುಸಿದ. ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟಿದ.

“ಅವಳು ನನ್ನ ಅವ್ವ, ಗುರುಗಳೇ.”

“ಗಟ್ಟಿಯಾಗಿ ಹೇಳು. ನನಗೆ ಕಿವಿ ಮಂದ.”

ಗುರುಗಳ ಕಿವಿ ಎಷ್ಟು ಚುರುಕೆಂದು ಆಶ್ರಮಕ್ಕೆಲ್ಲ ಗೊತ್ತಿತ್ತು.

“ಅವಳು ನನ್ನ ಅವ್ವ!”

ಕರ್ಜಿಕಾಯಿ ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಮರುಳಸಿದ್ಧ ಮುಖ ಎತ್ತಲಾರದೆ ನೆಲ ನೋಡುತ್ತಲೇ ಹೇಳಿದ:

“ತಪ್ಪಾಯಿತು. ಕೊನೆಯ ಅಧ್ಯಾಯ ತಿದ್ದುತ್ತೇನೆ ಗುರುಗಳೇ. ಇವತ್ತೇ ಕೂತು ಬರೆಯುತ್ತೇನೆ.”

“ಪುಸ್ತಕ ಎಲ್ಲಿಗೂ ಹೋಗೋದಿಲ್ಲ ಕಣಯ್ಯ,” ಎಂದರು ಮುಪ್ಪಿನಯ್ಯನವರು. “ದೋಣಿ ಬಿಡ್ತಾ ಇದ್ದಾರೆ.”