ಹಿತ್ತಾಳೆ ಗುಂಡಿನ ತಾಳ

ಅಣುವಿನಲ್ಲೂ ಆಕಾಶದಲ್ಲೂ ತುಂಬಿ ನಿಂತ ಪರಮಾತ್ಮನಿಗೆ ಮೊದಲು ಕೈಮುಗಿಯೋಣ.

ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ, ದಾರದ ತುದಿಗೆ ನೇತುಬಿದ್ದ ಹಿತ್ತಾಳೆಯ ಗುಂಡೊಂದಿತ್ತು. ಸಂಗೀತದ ಜೊತೆ ಭೌತಶಾಸ್ತ್ರವನ್ನೂ ಓದುತ್ತಿದ್ದ ನಾಗವೇಣಿ ಒಂದು ದಿನ ಕರಿಹಲಗೆಯ ಮೇಲಿನ ಲೋಲಕದ ಸೂತ್ರ ನೋಡಿ ಕಣ್ಣೊರೆಸಿಕೊಂಡು, ಈ ತರಗತಿಯೇ ಬೇಡವೆಂದು ಚೀಲ ಹೆಗಲಿಗೇರಿಸಿದಳು.

"ಹೋಗಲಿ ಬಿಡು, ಹಾಡೋರಿಗೆಲ್ಲ ಇದು ಒಗ್ಗೀತೆ?" ಎಂದು ಮೇಜಿನ ಮೇಲಿದ್ದ ಸ್ಟಾಪ್‌ವಾಚ್ ನಕ್ಕಿತು.

ಗುಂಡು ಮರುಗಿತು. "ತಾಯಿ, ಹೋಗುವ ಮುಂಚೆ ನನ್ನನ್ನೊಮ್ಮೆ ಮೆಲ್ಲಗೆ ತೂಗಿಬಿಡಮ್ಮ," ಎಂದಿತು.

ಅವಳು ತೂಗಿದಳು. ಸ್ಟಾಪ್‌ವಾಚ್ ಒತ್ತುವುದನ್ನು ಮರೆತು, ಅಭ್ಯಾಸದಂತೆ ಗುಂಡಿನ ಪ್ರತಿ ತೂಗಿಗೂ ತೊಡೆ ತಟ್ಟಿ ತಾಳ ಹಾಕತೊಡಗಿದಳು.

"ಇದೇನು ಕಚೇರಿಯೇನಮ್ಮ?" ಎಂದು ಸ್ಟಾಪ್‌ವಾಚ್ ಗದರಿತು.

ಅವಳಿಗೆ ಅದು ಕೇಳಿಸಲೇ ಇಲ್ಲ. ಗುಂಡಿನ ತೂಗಾಟ ಕಿರಿದಾಗುತ್ತಾ ಬಂತು; ತಾಳ ಮಾತ್ರ ಮುಂದೆ ಓಡಲೂ ಇಲ್ಲ, ಹಿಂದೆ ಬೀಳಲೂ ಇಲ್ಲ.

"ಹೋಗುವ ದೂರ ಕಡಿಮೆಯಾದರೂ ಹಿಡಿಯುವ ಹೊತ್ತು ಅಷ್ಟೇ ಇದೆಯಲ್ಲ, ಯಾಕೆ?" ಎಂದಳು ನಾಗವೇಣಿ.

"ಹೊತ್ತು ಇರುವುದು ದಾರದ ಉದ್ದದ ಕೈಲಿ; ದಾರ ಗಿಡ್ಡ ಮಾಡಿ ನೋಡು ಮಗಳೇ, ಆಗ ನಿನ್ನ ತಾಳ ಚುರುಕಾಗುತ್ತದೆ," ಎಂದಿತು ಗುಂಡು.

ನಾಗವೇಣಿ ಚೀಲ ಕೆಳಗಿಟ್ಟು, ದಾರದ ಗಂಟು ಬಿಚ್ಚಲು ಸ್ಟೂಲು ಎಳೆದುಕೊಂಡಳು.

ಕಥೆ ಕೇಳಿದ ನಿಮ್ಮೆಲ್ಲರ ಬೆರಗನ್ನು ಭಗವಂತ ಆರದಂತೆ ಕಾಯಲಿ.