ಕೆದಕ ಮೂಸದ ಗೆಡ್ಡೆ

ಮಕ್ಕಳೇ, ಹೊಂಗೆಕಾಡಿನ ಕೆರೆದಂಡೆಯಲ್ಲಿ ಮರಿಗಳಿಗೆಂದೇ ಒಂದು ಶಾಲೆ ಇತ್ತು. ಪಾಠ ಹೇಳುವವರು ಮುಳ್ಳುಹಂದಿ ಮೇಡಂ. ಕಾಡುಹಂದಿಯ ಮರಿ ಕೆದಕ ಮತ್ತು ಅವನ ಪುಟ್ಟ ತಂಗಿ ಚಿಕ್ಕಿ ಅಲ್ಲೇ ಕಲಿಯುತ್ತಿದ್ದರು. ಕೆದಕನ ಮೂಗು ಬಲು ಚುರುಕು, ಮೈ ಮಾತ್ರ ಮಹಾ ಸೋಮಾರಿ.

ಒಂದು ದಿನ ಮೇಡಂ, “ನಾಳೆ ಒಬ್ಬೊಬ್ಬರೂ ಒಂದೊಂದು ಗೆಡ್ಡೆಯ ಬಗ್ಗೆ ಹೇಳಬೇಕು. ಅಗೆದು, ಮೂಸಿ ನೋಡಿಕೊಂಡು ಬನ್ನಿ,” ಎಂದರು.

ಅಗೆಯುವುದೇ? ಯಾರಿಗೆ ಬೇಕು! ಕೆದಕ ಕೆಸರಿನಲ್ಲಿ ಮಲಗಿದ್ದಲ್ಲಿಂದಲೇ ಮರದ ಮೇಲಿನ ಗೊರವಂಕವನ್ನು ಕರೆದ. ಕಾಡಿನವರು ಆಡಿದ ಮಾತೆಲ್ಲ ಆ ಹಕ್ಕಿಯ ಕಿವಿಗೆ ಬಿದ್ದಿತ್ತು. ಏನು ಕೇಳಿದರೂ ಆ ಮಾತುಗಳನ್ನೇ ಪೋಣಿಸಿ, ತಡವರಿಸದೆ ಹೇಳಿಬಿಡುತ್ತಿತ್ತು.

“ಗೊರವಂಕಕ್ಕಾ, ಹಳ್ಳದ ಪಕ್ಕ ಚುಕ್ಕೆ ದಂಟಿನ ಗಿಡ ಇದೆಯಲ್ಲ, ಅದರ ಗೆಡ್ಡೆ ಹೇಗಿರುತ್ತೆ?”

“ಹಾಲಿನಂತೆ ಬಿಳುಪು, ಕಬ್ಬಿನಂತೆ ಸಿಹಿ. ಎಳೆ ಮರಿಗಳಿಗೂ ಹಿತ!”

ಮರುದಿನ ಕೆದಕ ಅದನ್ನೇ ಪಟಪಟನೆ ಒಪ್ಪಿಸಿದ.

“ನೀನೇ ಮೂಸಿ ನೋಡಿದೆಯಾ?” ಮೇಡಂ ಕೇಳಿದರು.

“ಹೂಂ ಮೇಡಂ, ನಾನೇ!”

ಮೇಡಂಗೆ ಯಾಕೋ ಅನುಮಾನ. “ಸಂಜೆ ಎಲ್ಲರೂ ಹೋಗಿ ನೋಡೋಣ,” ಎಂದರು. ಚಿಕ್ಕಿಗೆ ಅಷ್ಟು ತಾಳ್ಮೆ ಎಲ್ಲಿಯದು? ಆಟದ ಬಿಡುವಿನಲ್ಲಿ ಹಳ್ಳಕ್ಕೆ ಓಡಿ, ಗೆಡ್ಡೆ ಕಿತ್ತು ಕಚ್ಚಿಯೇಬಿಟ್ಟಳು. ನಾಲಿಗೆ ಊದಿತು, ಗಂಟಲು ಕಟ್ಟಿತು. ಪಾಪ, ಕಿರುಚಲೂ ಆಗಲಿಲ್ಲ.

ತಂಗಿಯನ್ನು ಹುಡುಕುತ್ತಾ ಬಂದ ಕೆದಕ ಅದನ್ನು ಕಂಡ. ಗೊರವಂಕದ ಬಳಿಗೆ ಓಡಿದ.

“ಸಿಹಿ ಅಂದೆಯಲ್ಲ!”

“ಹೌದು, ಸಿಹಿ. ಆದರೆ ತುರಿಕೆ ಗೆಡ್ಡೆ, ಬಾಯಿಗೆ ಇಡಬಾರದು.”

“ಅಯ್ಯೋ, ಯಾವುದು ನಿಜ? ಈಗೇನು ಮಾಡಲಿ?”

“ನೀರು ಕುಡಿಸು. ನೀರು ಕೊಡಲೇಬೇಡ.”

ಕೆದಕನ ತಲೆ ಗಿರ್ರೆಂದಿತು. ಎರಡನ್ನೂ ಅದೇ ಇಂಪಾದ ದನಿಯಲ್ಲಿ ಹೇಳುತ್ತಿದೆಯಲ್ಲ! ಕೆರೆಯತ್ತ ಓಡಿದ, ನಿಂತ, ತಿರುಗಿ ಬಂದ.

“ನೀನು ಆ ಗೆಡ್ಡೆ ತಿಂದಿದ್ದೀಯಾ?”

“ನಾನೆಲ್ಲಿ ತಿಂದೆ? ಕಣ್ಣಿಂದ ನೋಡಿಯೂ ಇಲ್ಲ. ನೀನು ಉತ್ತರ ಕೇಳಿದೆ, ಕೊಟ್ಟೆ.”

ಅಷ್ಟರಲ್ಲಿ ಚಿಕ್ಕಿಯ ಬಳಿ ಬಂದಿದ್ದ ಮೇಡಂ ಕೂಗಿದರು: “ಹುಳಿ ಬೇಕು ಕಣೋ! ಹುಣಸೆಹಣ್ಣು ಹುಡುಕು, ಬೇಗ!”

ಕೆದಕ ಮೂಗನ್ನು ನೆಲಕ್ಕೆ ಒತ್ತಿ ಮೂಸುತ್ತಾ ಓಡಿದ. ತರಗೆಲೆಯ ಅಡಿಯಲ್ಲಿ ಹುಳಿವಾಸನೆ ಹಿಡಿದು, ಹಣ್ಣು ಕಚ್ಚಿ ತಂದ. ಮೇಡಂ ಅದನ್ನು ಚಿಕ್ಕಿಯ ನಾಲಿಗೆಗೆ ಸವರಿದರು. ಸಂಜೆಯ ಹೊತ್ತಿಗೆ ಊತ ಇಳಿಯಿತು.

ಕೆದಕ ಅಳುತ್ತಾ ನಡೆದದ್ದೆಲ್ಲ ಹೇಳಿದ. “ಹಕ್ಕಿಯನ್ನು ಕೇಳಿದ್ದು ತಪ್ಪಲ್ಲಪ್ಪ. ಕೇಳಿದ ಮೇಲೆ ಹೋಗಿ ಮೂಸಬೇಕಿತ್ತು,” ಎಂದರು ಮೇಡಂ.

ಕೆದಕನಿಗೆ ಇನ್ನೂ ಒಂದು ಅರ್ಥವಾಗಲಿಲ್ಲ. “ಚಿಕ್ಕೀ, ಕಚ್ಚುವ ಮುಂಚೆ ನೀನಾದರೂ ಮೂಸಬಾರದಿತ್ತಾ?”

ಚಿಕ್ಕಿ ಕುಗ್ಗಿದ ದನಿಯಲ್ಲಿ, “ನೀನು ಮೂಸಿದ್ದೀನಿ ಅಂದೆಯಲ್ಲ ಅಣ್ಣಾ,” ಎಂದಳು.

ನೀತಿ: ಉತ್ತರವನ್ನು ಯಾರಿಂದ ಬೇಕಾದರೂ ಕೇಳಿ ಪಡೆಯಿರಿ, ನೀವೇ ಪರೀಕ್ಷಿಸದೆ ಅದನ್ನು ನಿಮ್ಮದೆಂದು ಹೇಳಬೇಡಿ.