ಕಪ್ಪು ಬಾನೆಟ್ಟಿನ ಗೀರು

ಹರಿಹರದ ಹೊಳೆದಂಡೆಯ ಮೇಲೆ ಮಾಬುಸಾಬರ ಶೆಡ್ಡು. ಹಳೆ ಕಾರಿಗೆ ಹೊಸ ಬಣ್ಣ ಹೊಡೆದು, ಉಜ್ಜಿ, ಹೊಳಪು ತರುವುದು ಅವರ ಕಸುಬು. ಶೆಡ್ಡಿಗೆ ಬೋರ್ಡು ಇರಲಿಲ್ಲ. ಕೆಲಸದ ಬೆಲೆ ಗೊತ್ತಿದ್ದವರು ಹುಡುಕಿಕೊಂಡು ಬರುತ್ತಾರೆ, ಬೋರ್ಡು ನೋಡಿ ಬರುವವರು ಚೌಕಾಸಿಗೇ ಬರುತ್ತಾರೆ ಎಂಬುದು ಮಾಬುಸಾಬರ ಲೆಕ್ಕಾಚಾರ.

ಹಾಲೇಶ ಅವರ ಶಿಷ್ಯ. ಮೀಸೆ ಮೂಡುವ ಮೊದಲು ಬಂದು ಸೇರಿದವನು, ಈಗ ಅವನ ಮಗನೇ ಶಾಲೆಗೆ ಹೋಗುತ್ತಿದ್ದ. ಬೈಪಾಸಿನ ಹತ್ತಿರ ಸ್ವಂತಕ್ಕೊಂದು ಶೆಡ್ಡು ನೋಡಿಟ್ಟಿದ್ದ. ಬೋರ್ಡು ಬರೆಸಿ ತೂಗುಹಾಕಿಯೂ ಆಗಿತ್ತು. ಬಾಕಿ ಇದ್ದದ್ದು ಗುರುವಿನ ಒಪ್ಪಿಗೆ ಒಂದೇ.

"ಉಸ್ತಾದ್, ನಾನಿನ್ನು ಹೊರಡಲಾ?"

ಮಾಬುಸಾಬರು ಮೂಲೆಯಲ್ಲಿದ್ದ ಕಪ್ಪು ಕಾರಿನ ಕಡೆ ಕೈ ತೋರಿಸಿದರು. "ಕೊಟ್ರೇಶಪ್ಪನ ಗಾಡಿ. ಬಾನೆಟ್ಟಿಗೆ ಬಣ್ಣ ಆಗಿದೆ, ಮೇಲೆ ಲ್ಯಾಕರೂ ಆಗಿದೆ. ಪೇಪರ್ ಹೊಡೆದು ಪಾಲಿಶ್ ಮಾಡು. ನಾನು ಕೈ ಹಚ್ಚಲ್ಲ. ಮುಗಿದ ಮೇಲೆ ಕರಿ, ನೋಡ್ತೀನಿ. ನಿನ್ನ ಕೆಲಸ ಒಪ್ಪಿದ್ರೆ ಪಾಲಿಶ್ ಮಶೀನನ್ನೂ ನೀನೇ ತಗೊಂಡು ಹೋಗು."

"ಬಿಳಿ ಗಾಡಿ ಯಾವುದೂ ಇರಲಿಲ್ವಾ ಉಸ್ತಾದ್?"

"ಬಿಳಿ ಗಾಡೀಲಿ ಗೀರು ಕಾಣಲ್ಲ, ಅದು ಎಲ್ಲರನ್ನೂ ಪಾಸು ಮಾಡುತ್ತೆ."

ಲ್ಯಾಕರೆಂದರೆ ಬಣ್ಣದ ಮೇಲೆ ಹೊಡೆಯುವ ಗಾಜಿನಂಥ ತೆಳು ಪದರ. ಹೊಸದಾಗಿ ಹೊಡೆದಾಗ ಅದರ ಮೇಲೆ ಧೂಳಿನ ಕಾಳು ಕೂತಿರುತ್ತದೆ. ನೀರಲ್ಲಿ ನೆನೆಸಿದ ನುಣುಪು ಸ್ಯಾಂಡ್‌ಪೇಪರಿನಿಂದ ಉಜ್ಜಿ ಅದನ್ನು ಮಟ್ಟ ಮಾಡಬೇಕು. ಉಜ್ಜಿದ ಮೇಲೆ ಕಪ್ಪು ಬಣ್ಣ ಬೂದಿ ಬಳಿದ ಹಾಗೆ ಮಂಕಾಗುತ್ತದೆ. ಅದಷ್ಟೂ ಸಣ್ಣ ಸಣ್ಣ ಗೀರು. ಆಮೇಲೆ ಕಾಂಪೌಂಡು ಎಂಬ ಪೇಸ್ಟು ಹಚ್ಚಿ, ಮಶೀನಿನಿಂದ ತಿಕ್ಕಿ, ಆ ಗೀರನ್ನೆಲ್ಲ ತೆಗೆಯುವುದೇ ಪಾಲಿಶ್.

ಹಾಲೇಶ ಉಜ್ಜತೊಡಗಿದ. ಅರ್ಧ ಬಾನೆಟ್ಟು ಆಗುವಾಗ ಪೇಪರು ಕೈಜಾರಿ ನೆಲಕ್ಕೆ ಬಿತ್ತು.

ನೆಲಕ್ಕೆ ಬಿದ್ದ ಪೇಪರನ್ನು ಎಸೆಯಬೇಕು. ಆ ಶೆಡ್ಡಿನಲ್ಲಿ ಅವನು ಕಲಿತ ಮೊದಲ ಪಾಠವೇ ಅದು. ಆದರೆ ಆ ನಂಬರಿನ ಪೇಪರು ಮುಗಿದಿತ್ತು, ತರಬೇಕೆಂದರೆ ಊರೊಳಗೆ ಹೋಗಬೇಕು. ಹಾಲೇಶನ ಮನಸ್ಸು ಆಗಲೇ ಬೈಪಾಸಿನಲ್ಲಿತ್ತು. ಅತ್ತಿತ್ತ ನೋಡಿದ. ಪೇಪರನ್ನು ಬಕೆಟ್ಟಿನ ನೀರಿನಲ್ಲಿ ಜಾಲಾಡಿಸಿ, ಕೆಲಸ ಮುಂದುವರಿಸಿದ. ಉಜ್ಜಿ ಮುಗಿದ ಮೇಲೆ ಅದನ್ನು ಮತ್ತೆ ಬಕೆಟ್ಟಿಗೇ ಹಾಕಿ ಮಶೀನು ಹಿಡಿದ.

ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಟ್ಯೂಬ್‌ಲೈಟು ಬಾನೆಟ್ಟಿನೊಳಗೆ ನೆಟ್ಟಗೆ ಕಾಣುತ್ತಿತ್ತು.

"ಆಯ್ತು ಉಸ್ತಾದ್."

ಮಾಬುಸಾಬರು ಬಾನೆಟ್ಟಿನ ಕಡೆ ನೋಡಲೇ ಇಲ್ಲ. ಒಂದು ಮಗ್ಗು ಸೋಪಿನ ನೀರು ತಂದು ಅದರ ಮೇಲೆ ಸುರಿದರು. ಬಟ್ಟೆಯಿಂದ ಒರೆಸಿದರು. "ತಳ್ಳು" ಎಂದರು.

ಇಬ್ಬರೂ ಸೇರಿ ಕಾರನ್ನು ಬಿಸಿಲಿಗೆ ತಳ್ಳಿದರು.

ಬಾನೆಟ್ಟಿನ ತುಂಬ ಮಬ್ಬು, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ. ಮಬ್ಬಿನ ನಡುವೆ, ಬಾನೆಟ್ಟಿನ ತಗಡು ಉಬ್ಬಿ ಎದ್ದ ಏಣಿನ ಹತ್ತಿರ, ಬೆಕ್ಕು ಪರಚಿದಂತೆ ನಾಲ್ಕಾರು ಗೀರು.

"ಈಗ ತಾನೇ ನೋಡಿದಾಗ ಇರಲಿಲ್ಲ ಉಸ್ತಾದ್!"

"ಇತ್ತು. ಪಾಲಿಶಿನ ಎಣ್ಣೆ ಗೀರೊಳಗೆ ಕೂತಿತ್ತು. ಎಣ್ಣೆ ಗೀರನ್ನ ತೆಗೆಯಲ್ಲ, ತುಂಬುತ್ತೆ ಅಷ್ಟೆ. ಒಂದು ಸಲ ಗಾಡಿ ತೊಳೆಯೋವರೆಗೂ ನೀನು ದೊಡ್ಡ ಮೇಸ್ತ್ರಿ."

ಮಾಬುಸಾಬರು ಬಗ್ಗಿ ಏಣಿನ ಮೇಲೆ ಉಗುರಾಡಿಸಿದರು.

"ಮಬ್ಬು ಅವಸರದ್ದು. ಇದು ಬೇರೆ, ಮರಳಿನ ಹರಳು ಎಳೆದ ಗೀರು. ಪೇಪರು ಕೆಳಗೆ ಬಿತ್ತಾ?"

"ಇಲ್ಲ ಉಸ್ತಾದ್. ಹೊಳೆ ಕಡೆ ಗಾಳಿ ನೋಡಿ, ಮರಳು ಹಾರಿ ಬಂದಿರಬೇಕು."

ಮಾಬುಸಾಬರು ಹೊಳೆಯ ಕಡೆ ನೋಡಿದರು. ದಂಡೆಯ ಹೊಂಗೆಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಇರಬಹುದು" ಎಂದು ಬೀಡಿ ಹಚ್ಚಿದರು. "ಸಂಜೆ ಕೊಟ್ರೇಶಪ್ಪ ಬರ್ತಾನೆ. ನಾಳೆ ಅವನ ಮನೆಗೆ ಬೀಗರು ಬರೋರಿದ್ದಾರಂತೆ."

ಹಾಲೇಶ ಮತ್ತೆ ಮಶೀನು ಹಿಡಿದ. ಉಣ್ಣೆಯ ಪ್ಯಾಡು ಬಿಚ್ಚಿ ಮೆತ್ತನೆ ಸ್ಪಂಜು ಹಾಕಿದ, ಸ್ಪೀಡು ಇಳಿಸಿದ, ಒಂದೊಂದು ಗೇಣಿಗೂ ಸೋಪಿನ ನೀರು ಹಾಕಿ ಒರೆಸಿ ನೋಡಿದ. ಮಬ್ಬು ಹೋಯಿತು.

ಗೀರು ಇದ್ದ ಕಡೆ ಇನ್ನೂ ನುಣುಪಾದ ಪೇಪರು ಹೊಡೆದು, ಮತ್ತೆ ಉಣ್ಣೆ ಹಾಕಿ ಕಾಂಪೌಂಡು ತಿಕ್ಕಿದ. ಸಪಾಟು ಜಾಗದ ಗೀರೆಲ್ಲ ಹೋದವು. ಏಣಿನ ಮೇಲಿನ ಒಂದು ಮಾತ್ರ ಹೋಗಲಿಲ್ಲ.

ಅಂಗೈ ಇಟ್ಟು ನೋಡಿದ. ಏಣು ಬಿಸಿಯಾಗಿತ್ತು. ಅಲ್ಲಿ ಲ್ಯಾಕರು ಮೊದಲೇ ತೆಳು. ಪ್ಯಾಡು ತಿರುಗಿಸಿ ನೋಡಿದ. ಇನ್ನೂ ಬಿಳಿಯಾಗಿಯೇ ಇತ್ತು. ಅದರ ಮೇಲೆ ಕಪ್ಪು ಕಂಡಿತೆಂದರೆ ಲ್ಯಾಕರು ಸವೆದು ಬಣ್ಣವೇ ಎದ್ದು ಬಂತೆಂದು ಅರ್ಥ. ಇನ್ನೊಂದು ಸುತ್ತು ತಿರುಗಿಸಿದರೆ ಗೀರೂ ಹೋಗಬಹುದು, ಗೀರಿನ ಜೊತೆ ಬಣ್ಣವೂ ಹೋಗಬಹುದು.

ಎಣ್ಣೆ ಪಾಲಿಶಿನ ಬಾಟಲಿ ಕೈಗೆಟುಕುವಂತೆಯೇ ಇತ್ತು. ಒಂದು ಸಲ ಸವರಿದರೆ ಸಾಕು. ಬೀಗರು ಬಂದು ಹೋಗುವವರೆಗೆ ಯಾರಪ್ಪನಿಗೂ ಕಾಣುವುದಿಲ್ಲ. ಆಮೇಲೆ ಕಂಡಾಗ ಕೊಟ್ರೇಶಪ್ಪ ಬೈಯುತ್ತಾ ಬರುವುದು ಈ ಬಾಗಿಲಿಗೆ. ಬೈಪಾಸಿಗಲ್ಲ.

ಹಾಲೇಶ ಬಾಟಲಿಯ ಮುಚ್ಚಳ ಬಿಚ್ಚಿದ. ಮತ್ತೆ ಮುಚ್ಚಿದ. ಮಶೀನಿನ ಪ್ಲಗ್ಗು ಕಿತ್ತಿಟ್ಟ.

ಸಂಜೆ ಕೊಟ್ರೇಶಪ್ಪ ಬಂದ. ಕಾಳಿನ ಮಂಡಿಯ ವ್ಯಾಪಾರಿ, ಮೂಟೆಯ ಬಾಯಿ ನೋಡದೆ ಬುಡಕ್ಕೇ ಕೈ ಹಾಕುವ ಆಸಾಮಿ. ಕಾರಿನ ಸುತ್ತ ಒಂದು ಸುತ್ತು ಬಂದ.

"ಅಬ್ಬಾ, ಇದರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರೀಬಹುದಲ್ಲೋ!"

"ಯಜಮಾನ್ರೇ, ಇಲ್ಲಿ ನೋಡಿ" ಎಂದ ಹಾಲೇಶ. "ಒಂದು ಗೀರು ಉಳಿದಿದೆ. ಇನ್ನೂ ಉಜ್ಜಿದ್ರೆ ಬಣ್ಣ ಹೋಗುತ್ತೆ. ಬೀಗರು ಹೋದ ಮೇಲೆ ಗಾಡಿ ಬಿಟ್ಟು ಹೋಗಿ, ಮತ್ತೆ ಲ್ಯಾಕರು ಹೊಡೆದು ಸರಿಮಾಡಿ ಕೊಡ್ತೀನಿ."

ಕೊಟ್ರೇಶಪ್ಪ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. "ಎಲ್ಲಿ?"

"ಇಲ್ಲಿ, ಏಣಿನ ಮೇಲೆ."

"ಹೂಂ, ಕೂದಲೆಳೆ ಹಾಗಿದೆ. ಹೇಗಾಯ್ತು?"

ಹಾಲೇಶ ಉತ್ತರ ಕೊಟ್ಟದ್ದು ಕೊಟ್ರೇಶಪ್ಪನಿಗೆ, ನೋಡಿದ್ದು ಮಾಬುಸಾಬರನ್ನು.

"ಪೇಪರು ಕೆಳಗೆ ಬಿದ್ದಿತ್ತು. ಎಸೀಬೇಕಿತ್ತು, ತೊಳೆದು ಮತ್ತೆ ಅದರಲ್ಲೇ ಉಜ್ಜಿದೆ. ಗಾಳಿ ಅಂತ ಹೇಳಿದ್ದು ಸುಳ್ಳು, ಉಸ್ತಾದ್."

ಮಾಬುಸಾಬರು ಬೀಡಿಯ ಬೂದಿ ಕೊಡವಿದರು. ಕೊಟ್ರೇಶಪ್ಪ ಹೊಟ್ಟೆ ಕುಣಿಸಿ ನಕ್ಕ.

"ಎಲ್ಲಾ ಮಂಡೀಲೂ ಒಳ್ಳೆ ಕಾಳು ಮೇಲೆ, ಹುಳುಕು ಕೆಳಗೆ. ನೀನು ಹುಳುಕನ್ನೇ ಮೇಲಿಟ್ಟು ತೋರಿಸ್ತೀಯಲ್ಲಯ್ಯಾ! ವ್ಯಾಪಾರ ಮಾಡೋ ಗಿರಾಕೀನಾ ನೀನು?"

ಕಾರಿನ ಬಾಗಿಲು ತೆಗೆದವನು ಅಲ್ಲೇ ನಿಂತ. "ಒಂದು ಅನುಕೂಲ ಆಯ್ತು ಬಿಡು. ಇನ್ನುಳಿದ ಕಡೆ ನಾನು ಬಗ್ಗಿ ನೋಡೋದು ತಪ್ಪಿತು. ಬೈಪಾಸಲ್ಲಿ ಯಾವುದೋ ಹೊಸ ಬೋರ್ಡು ಕಂಡೆ, ನಿಂದೇನಾ? ಬೀಗರು ಹೋದ ಮೇಲೆ ಗಾಡಿ ಅಲ್ಲಿಗೇ ತರ್ತೀನಿ."

ಕಪ್ಪು ಕಾರು ದಂಡೆಯ ರಸ್ತೆ ಹತ್ತಿ ಹೋಯಿತು.

"ಬೋರ್ಡು ಇಳಿಸ್ತೀನಿ ಉಸ್ತಾದ್" ಎಂದ ಹಾಲೇಶ. "ನಾಳೆಯಿಂದ ಇಲ್ಲಿಗೇ ಬರ್ತೀನಿ."

ಮಾಬುಸಾಬರು ಎದ್ದು ಹೋಗಿ ಮಶೀನಿನ ವಯರು ಸುತ್ತಿದರು. ಅದನ್ನು ತಂದು ಹಾಲೇಶನ ಕೈಯಲ್ಲಿಟ್ಟರು.

"ಗಿರಾಕಿ ಬರ್ತೀನಿ ಅಂದಾಗಿದೆ. ಬೋರ್ಡು ಯಾಕೆ ಇಳಿಸ್ತೀಯ?"

ಹಾಲೇಶ ಕಾಲು ಮುಟ್ಟಲು ಹೋದ. ಕೈತುಂಬ ಮಶೀನು, ಬಗ್ಗಲಾಗಲಿಲ್ಲ.

"ಹೋಗೋ ಮುಂಚೆ ಏನಾದ್ರೂ ಒಂದು ಮಾತು ಹೇಳಿ ಉಸ್ತಾದ್. ಆ ಗೀರು ಕಣ್ಣಿಂದ ಹೋಗ್ತಾ ಇಲ್ಲ."

ಮಾಬುಸಾಬರು ಶೆಡ್ಡಿನ ಮೂಲೆಯ ಕಡೆ ಗದ್ದ ಎತ್ತಿ ತೋರಿಸಿದರು.

"ಗೀರಿನ ಚಿಂತೆ ಮಧ್ಯಾಹ್ನದಿಂದ ಮಾಡ್ತಾನೇ ಇದ್ದೀಯ. ಆ ಪೇಪರು ಇನ್ನೂ ಬಕೆಟ್ಟಲ್ಲೇ ಬಿದ್ದಿದೆ ಬೇಟಾ, ಮೊದಲು ಅದನ್ನ ಎಸಿ."